ಊರು ಬಳಸಿ ಹೋಗುವ ದಾರಿ

ಮೊನ್ನೆ ಬೆಳಿಗ್ಗೆ ಕಾಫಿ ಕುಡಿದು ಜಗುಲಿಯಲ್ಲಿ ಕೂತಿದ್ದೆ. ಒಬ್ಬಳು ಹುಡುಗಿ ಸ್ಕೂಟರಿನಲ್ಲಿ ಬಂದು, ಚೀಲದಿಂದ ಒಂದು ಹಳೆಯ ಎಣ್ಣೆ ಡಬ್ಬ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಅರ್ಧ ಕೆಂಪು, ಅರ್ಧ ಬಿಳಿ. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಎತ್ತಿ ನೋಡಿದಾಗ ಮೇಜಿನ ಮೇಲೆ ಒಂದು ಕೆಂಪು ಉಂಗುರ ಉಳಿದಿತ್ತು.

"ಅಟ್ಟದ ಮೇಲಿತ್ತು ಸರ್, ತಾತಂದು. ನಾನೇ ಹೊಸದಾಗಿ ಬಣ್ಣ ಹೊಡೆದೆ," ಎಂದಳು.

ಅವಳ ತಾತ ರಂಗೇಗೌಡರು ಹಾಸನದಲ್ಲಿ ನಮ್ಮ ಸ್ಕೂಲಿನ ಡ್ರಿಲ್ ಮಾಸ್ತರಾಗಿದ್ದರು. ನಾನು ಅದೇ ಸ್ಕೂಲಿಗೆ ಡ್ರಾಯಿಂಗ್ ಮಾಸ್ತರು. ಗೌಡರು ತೀರಿಕೊಂಡು ಬಹಳ ವರ್ಷಗಳಾದವು. ಈಗ ಈ ಹುಡುಗಿ ಮತ್ತು ಅವಳ ಗೆಳೆಯರು ಸೇರಿ ಒಂದು ಸ್ಪರ್ಧೆ ಇಟ್ಟುಕೊಂಡಿದ್ದಾರಂತೆ. ಕೈಯಲ್ಲಿ ನಕ್ಷೆ ಮತ್ತು ದಿಕ್ಸೂಚಿ ಹಿಡಿದು, ಬಯಲಿನಲ್ಲಿ ಇಟ್ಟ ಗುರುತುಗಳನ್ನು ಸರದಿಯಂತೆ ಹುಡುಕಿಕೊಂಡು ಓಡಬೇಕು. ಅದಕ್ಕೀಗ ಇಂಗ್ಲಿಷಿನಲ್ಲಿ ಒಂದು ಉದ್ದದ ಹೆಸರಿದೆ, ನನ್ನ ಕಟ್ಟಿಸಿಕೊಂಡ ಹಲ್ಲಿಗೆ ಅದು ಸುಲಭವಾಗಿ ಸಿಕ್ಕಲಿಲ್ಲ. ನಮ್ಮ ಕಾಲದಲ್ಲಿ ನಕ್ಷೆ ಓಟ ಎನ್ನುತ್ತಿದ್ದೆವು. ಓಡುವ ದಾರಿಯನ್ನು ಅವಳೇ ಬರೆದಿದ್ದಾಳೆ, ನಾನು ನೋಡಿ ತಪ್ಪಿದ್ದರೆ ಹೇಳಬೇಕು. ನಕ್ಷೆಯನ್ನು ಸುರುಳಿ ಸುತ್ತಿ ಡಬ್ಬದ ಪಕ್ಕದಲ್ಲಿಟ್ಟು, ಭಾನುವಾರ ಬರುತ್ತೇನೆಂದು ಹೊರಟುಹೋದಳು.

ನಾನು ಆ ಸುರುಳಿಯನ್ನು ಬಿಚ್ಚಲಿಲ್ಲ. "ಈ ವಾಸನೆಗೆ ತಲೆ ನೋಯುತ್ತೆ, ಆಚೆಗಾದರೂ ಇಡಿ," ಎಂದು ನನ್ನ ಹೆಂಡತಿ ಎರಡು ಸಾರಿ ಹೇಳಿದಳು. ಇಡಲಿಲ್ಲ. ಕೆಂಪು ಬಣ್ಣಕ್ಕೆ ಅಂಥ ವಾಸನೆ ಏನಿರುತ್ತದೆ ಎಂದು ನೀವು ಕೇಳಬಹುದು. ಅದನ್ನು ಹೇಳುವುದಕ್ಕೆ ಸ್ವಲ್ಪ ಸುತ್ತಿಕೊಂಡು ಬರಬೇಕು. ನನಗೆ ಯಾವ ವಿಷಯಕ್ಕೂ ನೇರವಾಗಿ ಬಂದು ಅಭ್ಯಾಸವಿಲ್ಲ, ಸಹಿಸಿಕೊಳ್ಳಿ.

ಗೌಡರು ಚಿಕ್ಕ ವಯಸ್ಸಿನಲ್ಲಿ ಮಿಲಿಟರಿಯಲ್ಲಿದ್ದು ಬಂದವರು. ಬರುವಾಗ ಒಂದು ಹಿತ್ತಾಳೆಯ ದಿಕ್ಸೂಚಿಯನ್ನೂ, ಕೋಳಿಗಿಂತ ಮುಂಚೆ ಏಳುವ ಚಟವನ್ನೂ ತಂದಿದ್ದರು. ಐವತ್ತರ ದಶಕದ ಕೊನೆಯಲ್ಲಿ ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಬಂದು ಕೂತರು.

"ನಮ್ಮುಡುಗ್ರು ಬರೀ ಕಬಡ್ಡಿ ಆಡ್ಕಂಡು ಮಂಡಿ ತರ್ಚ್ಕತಾವೆ ಮೇಷ್ಟ್ರೇ. ಕಾಲೂ ಓಡ್ಬೇಕು, ತಲೇನೂ ಓಡ್ಬೇಕು, ಅಂಥಾದ್ದೊಂದು ಮಾಡಾನ. ನಕ್ಷೆ ಬರಿಯೋಕೆ ನೀವೊಬ್ರು ಬೇಕು."

ನನಗೆ ಓಡಲು ಬರುತ್ತಿರಲಿಲ್ಲ. ಬಸ್ಸು ಹೊರಟರೆ ಮುಂದಿನ ಬಸ್ಸಿಗೆ ಕಾಯುವವನು ನಾನು. ಆದರೆ ಗೆರೆ ಎಳೆಯುವ ಕೈ ಚೆನ್ನಾಗಿತ್ತು. ಸರ್ವೆ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ಕೆರೆ, ಗುಡ್ಡ, ಗಾಡಿದಾರಿ, ತೋಪುಗಳನ್ನು ಒಂದೂ ಬಿಡದೆ ಇಳಿಸುತ್ತಿದ್ದೆ. ಓಡುವವರಿಗೆಲ್ಲ ಒಂದೊಂದು ಪ್ರತಿ. ಗುರುತಿರುವ ಕಡೆ ಕೆಂಪು ಪೆನ್ಸಿಲಿನಲ್ಲಿ ಒಂದು ಸೊನ್ನೆ. ಆ ಸೊನ್ನೆಯ ಜಾಗದಲ್ಲಿ, ಬಯಲಿನಲ್ಲಿ, ಮರಕ್ಕೋ ಬಂಡೆಯ ಸಂದಿಗೋ ಇಂಥದೇ ಡಬ್ಬ ತೂಗುಹಾಕಿರುತ್ತಿತ್ತು. ಡಬ್ಬಗಳಿಗೆ ಬಣ್ಣ ಹೊಡೆಯುವ ಕೆಲಸವೂ ನನ್ನದೇ, ಸ್ಪರ್ಧೆಯ ವಾರವೆಲ್ಲ ನನ್ನ ಊಟಕ್ಕೂ ಟರ್ಪೆಂಟೈನಿನ ರುಚಿ ಇರುತ್ತಿತ್ತು.

ದಾರಿ ಬರೆಯುವುದು ಸುಲಭವೆಂದು ತಿಳಿಯಬೇಡಿ. ಒಂದು ಗುರುತಿನಿಂದ ಇನ್ನೊಂದಕ್ಕೆ ಒಂದೇ ದಾರಿ ಇದ್ದರೆ ಅದು ಬರೀ ಓಟ. ಎರಡು ದಾರಿ ಇರಬೇಕು. ಒಂದು ಹತ್ತಿರದ್ದು, ಆದರೆ ಮುಳ್ಳು, ಬಂಡೆ, ಏರು. ಇನ್ನೊಂದು ದೂರದ್ದು, ಆದರೆ ಹಸನಾದ ಗಾಡಿದಾರಿ. ಓಡುವವನು ಅಲ್ಲಿ ನಿಂತು ಒಂದು ಗಳಿಗೆ ಯೋಚನೆ ಮಾಡಬೇಕು. ಆ ಒಂದು ಗಳಿಗೆಗಾಗಿ ನಾವು ಭಾನುವಾರಗಳನ್ನೆಲ್ಲ ಕಳೆಯುತ್ತಿದ್ದೆವು. ಸೈಕಲ್ಲನ್ನು ಯಾವುದಾದರೂ ಹೋಟೆಲಿನ ಮುಂದೆ ಬಿಟ್ಟು, ಬುತ್ತಿ ಹೆಗಲಿಗೆ ಹಾಕಿಕೊಂಡು, ಬಯಲನ್ನೆಲ್ಲ ಕಾಲಿನಿಂದಲೇ ಅಳೆಯುತ್ತಿದ್ದೆವು. ಎರಡು ದಾರಿ ಕವಲಾಗುವ ಕಡೆ ಗೌಡರು ನಿಂತುಬಿಡುವರು.

"ಓಡೋನ ತಲೆ ಒಳಕ್ಕೆ ನಾವು ಓಗಿ ಕೂತ್ಕಬೇಕು ಮೇಷ್ಟ್ರೇ. ಅವನು ಎಲ್ಲಿ ನಿಂತ್ಕತಾನೆ, ಎತ್ಲಾಗೆ ತಿರುಗ್ತಾನೆ, ಅವನಿಗಿಂತ ಮುಂಚೆ ನಮಗೆ ಗೊತ್ತಾಗ್ಬೇಕು. ಇಲ್ದಿದ್ರೆ ದಾರಿ ಬರೀಬಾರ್ದು."

ಮೊದಲ ವರ್ಷ ದೊಡ್ಡಗದ್ದವಳ್ಳಿಯ ಕಡೆ ಇಟ್ಟೆವು. ಆಮೇಲೆ ಹೊಳೆನರಸೀಪುರದ ಹತ್ತಿರ, ಹೊಳೆಯ ದಂಡೆಗೆ. ಇನ್ನೊಂದು ವರ್ಷ ಅರಕಲಗೂಡಿನ ಕಡೆಯ ಕಾಡಂಚಿಗೆ. ಅಲ್ಲಿ ಸ್ವತಃ ನಕ್ಷೆ ಬರೆದ ನಾನೇ ದಾರಿ ತಪ್ಪಿ, ಸೌದೆ ಹೊತ್ತು ಬರುತ್ತಿದ್ದ ಹೆಂಗಸರ ಹಿಂದೆ ನಡೆದು ರಸ್ತೆ ಸೇರಿದೆ. ಗೌಡರು ಅದನ್ನು ಸ್ಟಾಫ್ ರೂಮಿನಲ್ಲಿ ಬಹಳ ದಿನ ಹೇಳಿಕೊಂಡು ನಕ್ಕರು. ನಾನೂ ನಕ್ಕೆ.

ನನ್ನ ದಾರಿಗಳಿಗೆ ಒಂದು ಹೆಸರು ಬಂದಿತ್ತು. ಕಷ್ಟದ ದಾರಿ, ಬರೀ ಬಯಲು, ಒಂದು ಮನೆಯೂ ಅಡ್ಡ ಬರುವುದಿಲ್ಲ ಎನ್ನುವರು. ಮೈಸೂರಿನಿಂದ ಬಂದಿದ್ದ ಒಬ್ಬ ಅಧಿಕಾರಿ, ಊರುಗಳನ್ನು ಇಷ್ಟು ಚೆನ್ನಾಗಿ ತಪ್ಪಿಸಿ ಬರೆದ ನಕ್ಷೆಯನ್ನು ತಾನು ನೋಡಿಯೇ ಇಲ್ಲ ಎಂದು ನನ್ನ ಕೈ ಕುಲುಕಿದ. ಗೌಡರು ಮಾತ್ರ ರೇಗಿಸುತ್ತಿದ್ದರು.

"ಊರ ಮಧ್ಯ ಓದ್ರೆ ಬೀಡಿ ಸೇದೋ ಒತ್ನಲ್ಲಿ ಆಚೆಗೋಗ್ಬೋದು. ಇಲ್ಲೂ ಸುತ್ತಾಕುಸ್ಬುಟ್ರಲ್ಲ ಮೇಷ್ಟ್ರೇ."

"ಊರೊಳಗೆ ನಾಯಿ ಕಾಟ ಗೌಡ್ರೇ. ಬಳಸ್ಕೊಂಡೇ ಹೋಗಾನ," ಎನ್ನುತ್ತಿದ್ದೆ ನಾನು.

ಪ್ರತಿ ಊರಿಗೂ ಅದೇ ಮಾತು. ನಾಯಿಗೆ ಹೆದರುವ ಮೇಷ್ಟ್ರು ಎಂದು ಹುಡುಗರೂ ಬೆನ್ನ ಹಿಂದೆ ಬೊಗಳುತ್ತಿದ್ದರು. ನಾನು ಅದನ್ನು ಹಾಗೆಯೇ ಬಿಟ್ಟಿದ್ದೆ. ನಾಯಿಗೆ ಹೆದರುವವನು ಎನ್ನಿಸಿಕೊಳ್ಳುವುದರಲ್ಲಿ ಒಂದು ಅನುಕೂಲವಿತ್ತು, ಅದಕ್ಕಿಂತ ಮುಂದಕ್ಕೆ ಯಾರೂ ಏನೂ ಕೇಳುತ್ತಿರಲಿಲ್ಲ.

ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬಹುದು. ಗೊತ್ತಾಗದಿದ್ದರೆ ಬಿಡಿಸಿಯೇ ಹೇಳುತ್ತೇನೆ. ನಾನು ಹುಟ್ಟಿದ್ದು ಊರಾಚೆಯ ಕೇರಿಯಲ್ಲಿ. ಹಾಸನ ಪೇಟೆಯಲ್ಲಿ ನಾನು ಮೇಷ್ಟ್ರು, ಕೋಟು ಹಾಕಿಕೊಂಡರೆ ನಮಸ್ಕಾರ ಸಿಕ್ಕುತ್ತಿತ್ತು. ಆ ಸುತ್ತಿನ ಹಳ್ಳಿಗಳಲ್ಲಿ ನಾನು ಇಂಥವರ ಮಗ. ಕೆಲವು ಊರುಗಳಲ್ಲಿ ಏನೂ ಅನ್ನುತ್ತಿರಲಿಲ್ಲ. ಕೆಲವು ಊರುಗಳಲ್ಲಿ ನಮ್ಮವರು ಮೇಲಿನ ಬೀದಿಗೆ ಹೋಗಬೇಕಾದರೆ ಕಾಲಿನದನ್ನು ಕೈಗೆ ತೆಗೆದುಕೊಳ್ಳಬೇಕಾಗಿತ್ತು. ಯಾವ ಊರು ಎಂಥದು ಎಂದು ಸರ್ವೆ ನಕ್ಷೆಯಲ್ಲಿ ಬರೆದಿರುವುದಿಲ್ಲ. ನಾನು ಒಂದು ಉಪಾಯ ಕಂಡುಕೊಂಡಿದ್ದೆ, ಯಾವ ಊರೊಳಕ್ಕೂ ಹೋಗದಿರುವುದು. ಜನ ಹೊಗಳುತ್ತಿದ್ದ ನನ್ನ ಕಲೆ ಅಷ್ಟೇ.

ಗೌಡರು ಒಳ್ಳೆಯವರು. ಇದನ್ನು ಯಾರನ್ನೋ ಮೆಚ್ಚಿಸಲು ಹೇಳುತ್ತಿಲ್ಲ. ನಾನು ಯಾವ ಕೇರಿಯವನೆಂದು ಗೊತ್ತಿದ್ದೂ, ಮರದ ಕೆಳಗೆ ಕೂತು ನನ್ನ ಬುತ್ತಿಯ ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದರು, ಅವರ ಹುಚ್ಚೆಳ್ಳು ಚಟ್ನಿಯನ್ನು ನನಗೆ ಬಡಿಸುತ್ತಿದ್ದರು. ಊರ ಹೊರಗಿನ ಅವರ ತೋಟದ ಮನೆಗೂ ಕರೆದಿದ್ದರು. ನಾನು ಹೋದಾಗಲೆಲ್ಲ, ಈಗ ತಾನೇ ನೀರು ಕುಡಿದು ಬಂದೆ, ಏನೂ ಬೇಡ ಎಂದು ಅಂಗಳದಲ್ಲೇ ಹೇಳಿಬಿಡುತ್ತಿದ್ದೆ. ಈ ಮೇಷ್ಟ್ರಿಗೆ ಬಾಯಾರಿಕೆಯೇ ಆಗುವುದಿಲ್ಲವಲ್ಲ ಎಂದು ಅವರ ತಾಯಿ ಆಶ್ಚರ್ಯಪಟ್ಟರಂತೆ. ಗೌಡರು ಅದನ್ನೂ ತಮಾಷೆಯೆಂದೇ ನನಗೆ ಹೇಳಿದರು.

ಇನ್ನು ಚೆಲುವನ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿದ್ದು ಅವನ ಹತ್ತಿರ ಬರಲು ಕಾಲು ಬಾರದೆ.

ಚೆಲುವ ನಮ್ಮಕ್ಕನ ಮಗ. ಅಕ್ಕನನ್ನು ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಭಾವ ಬೇಗ ಹೋದ. ಚೆಲುವ ನಮ್ಮ ಮನೆಯಲ್ಲೇ ಇದ್ದು ಎಸ್ಸೆಸ್ಸೆಲ್ಸಿ ಮುಗಿಸಿದ. ಓದಿನಲ್ಲಿ ಅಷ್ಟಕ್ಕಷ್ಟೆ, ಆದರೆ ಓಡಲು ನಿಂತರೆ ಗೌಡರೇ ಸೀಟಿ ಊದುವುದನ್ನು ಮರೆತು ನೋಡುತ್ತಿದ್ದರು. ನನ್ನ ಹಳೆಯ ನಕ್ಷೆಗಳನ್ನು ಹಿಡಿದು ಒಬ್ಬನೇ ಬಯಲಿಗೆ ಹೋಗಿ ಅಭ್ಯಾಸ ಮಾಡಿಕೊಂಡು ಬರುತ್ತಿದ್ದ. ಅವನಿಗೆ ಡ್ರಿಲ್ ಮಾಸ್ತರಾಗಬೇಕೆಂದು ಆಸೆ. "ನಾನೂ ಒಂದಿನ ಗೌಡ್ರಂಗೆ ಸೀಟಿ ಊದ್ತೀನಿ ಮಾವ. ಎಲ್ಲಾ ಉಡುಗ್ರೂ ನಾನು ಏಳ್ದಂಗೆ ಸಾಲಾಗಿ ನಿಂತ್ಕಬೇಕು," ಎನ್ನುತ್ತಿದ್ದ. ಗೌಡರಿಗೂ ಅವನ ಮೇಲೆ ಮನಸ್ಸಿತ್ತು. ಆ ವರ್ಷ ನಕ್ಷೆ ಓಟದಲ್ಲಿ ಮೊದಲು ಬಂದವನನ್ನು ಡ್ರಿಲ್ ಮಾಸ್ತರ ತರಬೇತಿಗೆ ಶಿಫಾರಸು ಮಾಡುವುದೆಂದು ಹೆಡ್ ಮಾಸ್ತರಿಂದ ಒಪ್ಪಿಗೆ ತೆಗೆದುಕೊಂಡರು. ಗೆದ್ದರೆ ಕೆಲಸ, ಕೆಲಸವಾದರೆ ನಮ್ಮಕ್ಕ ಕೂಲಿ ಬಿಡಬಹುದು. ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅವನಿಗೆ ಬಿಳಿ ಕ್ಯಾನ್ವಾಸ್ ಶೂ ಕೊಡಿಸಿದೆ. ಮೊದಲ ದಿನ ಅದನ್ನು ತಲೆದೆಸೆಯಲ್ಲಿಟ್ಟುಕೊಂಡು ಮಲಗಿದ.

ಅಳಿಯ ಓಡುವಾಗ ಮಾವ ದಾರಿ ಬರೆಯಬಾರದು. ಇದು ಗೌಡರ ನಿಯಮ, ನ್ಯಾಯವಾದ ನಿಯಮ, ನಾನೂ ತಲೆಯಾಡಿಸಿದೆ.

"ಈ ಸಾರಿ ನೀವು ನಕ್ಷೆ ಮುಖಾನೂ ನೋಡಂಗಿಲ್ಲ. ಉಡುಗ ಗೆದ್ರೆ ಒಬ್ರೂ ಒಂದ್ ಮಾತಾಡಬಾರ್ದು," ಎಂದರು. ಆಮೇಲೆ ನಕ್ಕು, "ನಾಯಿಗೆ ಎದ್ರೋರು ಇಲ್ಲ, ನೆಟ್ಟಗೆ ಬರಿತೀನಿ ನೋಡಿ," ಎಂದರು.

ಅವರೇ ಅಂಕುಡೊಂಕಾಗಿ ಗೆರೆ ಎಳೆದುಕೊಂಡು ನಕ್ಷೆ ಇಳಿಸಿದರು. ಜಾಗ ಯಾವುದೆಂದು ಆ ದಿನ ಬೆಳಿಗ್ಗೆಯವರೆಗೂ ನನಗೆ ತಿಳಿಯಲಿಲ್ಲ. ತಿಳಿದಾಗ, ಅದು ಅಕ್ಕನ ಊರಿನ ಪಕ್ಕದ ಊರು. ಹೆಸರು ಬರೆಯುವುದಿಲ್ಲ, ಅಲ್ಲಿ ಈಗ ಬೇರೆ ಜನ ಇದ್ದಾರೆ. ಚೆಲುವನಿಗೆ ಗೊತ್ತಿರುವ ನೆಲ ಎಂದು ಒಂದು ಕ್ಷಣ ಖುಷಿಯೇ ಆಯಿತು. ನನ್ನನ್ನು ಓಟ ಮುಗಿಯುವ ಕಡೆ, ಹುಣಸೆಮರದ ಕೆಳಗೆ, ಬಂದವರ ಹೆಸರು ಬರೆದುಕೊಳ್ಳಲು ಕೂರಿಸಿದರು. ನಕ್ಷೆಗಳು ಓಡುವವರ ಕೈಯಲ್ಲಿ, ಅವರು ಹೊರಟಿದ್ದು ಗುಡ್ಡದ ಆಚೆಯಿಂದ.

ಹುಡುಗರು ಒಬ್ಬೊಬ್ಬರಾಗಿ ಬಂದರು. ಚೆಲುವ ಬರಲಿಲ್ಲ. ಕೊನೆಯವನೂ ಕುಂಟಿಕೊಂಡು ಬಂದ. ಮಜ್ಜಿಗೆ ಕುಡಿಯುತ್ತ ನಿಂತಿದ್ದ ಒಬ್ಬ ಹುಡುಗನನ್ನು ಕೇಳಿದೆ.

"ನನಗಿಂತ ಮುಂದಿದ್ದ ಸಾ," ಎಂದ. "ಎಲ್ರಿಗಿಂತ್ಲೂ ಮುಂದಿದ್ದ. ಊರ ಬಾಗ್ಲಲ್ಲಿ ನಿಂತ್ಕಂಡಿದ್ದ. ಶೂಸ್ ನೋಡ್ಕಂಡ, ಕಟ್ಟೆ ಮೇಲೆ ಕೂತಿದ್ರಲ್ಲ ಆ ಜನಾನ ನೋಡ್ದ, ತಿರ್ಗಾ ಶೂಸ್ ನೋಡ್ಕಂಡ. ಕಲ್ಲು ಸಿಕ್ಕಂಡೈತೇನೋ ಅಂದ್ಕಂಡೆ. ನಾನು ಊರೊಳಗೆ ಬಂದ್ಬುಟ್ಟೆ, ಅವನು ಕೆರೆ ಕಡೆ ತಿರುಗ್ದ."

ನನಗೆ ಅಲ್ಲಿಯೇ ಎಲ್ಲ ತಿಳಿಯಿತು. ಅವನ ಕೈಯಿಂದ ನಕ್ಷೆ ಕಿತ್ತುಕೊಂಡು ನೋಡಿದೆ. ಗೌಡರು ಎರಡು ದಾರಿ ಇಟ್ಟಿದ್ದರು. ಹತ್ತಿರದ್ದು ಊರ ಬೀದಿಯಲ್ಲಿ ಹಾದು ಆಚೆಯ ಮಂಟಪಕ್ಕೆ. ದೂರದ್ದು ಕೆರೆ ಏರಿಯ ಮೇಲೆ ಪೂರ್ತಿ ಸುತ್ತು ಹಾಕಿ. ಏರಿ ಹಿಡಿದರೆ ಗೆಲ್ಲುವ ಆಸೆ ಬಿಡಬೇಕು. ಬೀದಿ ಹಿಡಿದರೆ ಶೂ ಬಿಚ್ಚಬೇಕು, ಬಿಚ್ಚಿ ಕೈಯಲ್ಲಿ ಹಿಡಿದು ಕಟ್ಟೆಯ ಮುಂದೆ ನಡೆಯಬೇಕು. ಪಕ್ಕದ ಊರಿನವನು, ಕಟ್ಟೆಯ ಮೇಲಿದ್ದವರಿಗೆಲ್ಲ ಅವನ ಮುಖ ಗೊತ್ತು. ಚೆಲುವ ಎರಡೂ ಬೇಡವೆಂದು ಕೆರೆಯಂಗಳಕ್ಕೆ ಅಡ್ಡ ಇಳಿದಿದ್ದ. ಚಿಕ್ಕಂದಿನಲ್ಲಿ ದನ ಮೇಯಿಸಿದ ಜಾಗ, ನೀರು ಕಡಿಮೆ. ಆದರೆ ಆ ಬೇಸಿಗೆಯಲ್ಲಿ ಇಟ್ಟಿಗೆ ಗೂಡಿನವರು ಅಲ್ಲಿ ಆಳವಾಗಿ ಮಣ್ಣು ತೆಗೆದಿದ್ದರು. ಮಳೆ ಬಂದು ಗುಂಡಿಗಳು ತುಂಬಿ, ಮೇಲೆ ಅಂತರಗಂಗೆ ಹಬ್ಬಿ ನೆಲದಂತೆಯೇ ಕಾಣುತ್ತಿತ್ತು.

ಅವನಿಗೆ ಈಜು ಬರುತ್ತಿರಲಿಲ್ಲ. ನಮ್ಮ ಕೇರಿಗಳ ಹುಡುಗರಿಗೆ ಆಗ ಯಾರಿಗೂ ಬರುತ್ತಿರಲಿಲ್ಲ. ಈಜು ಕಲಿಯುವುದಕ್ಕೆ ಯಾರದಾದರೂ ಬಾವಿಗೆ ಇಳಿಯಬೇಕಲ್ಲ.

ಸಂಜೆಯ ಹೊತ್ತಿಗೆ ಎತ್ತಿದರು. ನಕ್ಷೆ ಅವನ ಅಂಗಿಯೊಳಗೆ ಮಡಿಸಿದಂತೆಯೇ ಇತ್ತು. ಶೂ ಕಾಲಿನಲ್ಲೇ ಇತ್ತು, ಲೇಸು ಬಿಗಿಯಾಗಿ ಕಟ್ಟಿತ್ತು. ಆ ಗಂಟನ್ನು ಬಿಚ್ಚಲು ನನ್ನ ಕೈಯಲ್ಲಿ ಆಗಲಿಲ್ಲ.

ಪೊಲೀಸರು ಬಂದು ಕೇಳಿದಾಗ ಊರಿನ ಹಿರಿಯರೊಬ್ಬರು ಹೇಳಿದರು: "ನಾವೇನು ಬ್ಯಾಡ ಅಂದ್ವಾ ಸಾ? ಬೀದಿ ತೆರೆದೇ ಇತ್ತು. ಇಷ್ಟು ಉಡುಗ್ರು ಓಡಿ ಓದ್ವು, ಯಾರನ್ನಾದ್ರೂ ತಡುದ್ವಾ?"

ಅವರು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಯಾರೂ ಕೈ ಎತ್ತಲಿಲ್ಲ, ಬೈಯಲಿಲ್ಲ, ಎದ್ದು ಸಹ ನಿಲ್ಲಲಿಲ್ಲ. ಸುಮ್ಮನೆ ಕೂತಿದ್ದರು. ಅಕಸ್ಮಾತ್ ನೀರಿಗೆ ಬಿದ್ದು ಸತ್ತ ಎಂದು ಬರೆದುಕೊಂಡು ಪೊಲೀಸರು ಹೋದರು.

ನಾನು ಅಕ್ಕನ ಮುಂದೆ ಹೇಗೆ ಕೂರಲಿ ಎಂದು ಹೆದರಿದ್ದೆ. ನೀನು ಬರೆದ ದಾರಿಯಾ ಎಂದು ಕೇಳಿಯಾಳು ಎಂದುಕೊಂಡಿದ್ದೆ. ಅವಳು ಅದನ್ನು ಕೇಳಲಿಲ್ಲ. ಗೋಡೆಗೊರಗಿ ಕೂತು, ತನ್ನ ಕೈಬೆರಳನ್ನೇ ನೋಡಿಕೊಳ್ಳುತ್ತಿದ್ದಳು.

"ನಡಿಯೋದ ಕಲ್ಸುವಾಗ್ಲೇ ಕಲ್ಸುಬುಟ್ಟೆ ಕಣಪ್ಪ," ಎಂದಳು. "ಆ ಊರು ಬಂದ್ರೆ ಬೀದಿಗೆ ಓಗ್ಬ್ಯಾಡ ಮಗ, ಕೆರೆ ಕಡೀಕೆ ಇಳ್ಕಂಡು ಓಗು ಅಂತ. ಇಂಗೇ ಓಗು ಅಂತ ಬೆಟ್ಟು ಮಾಡಿ ತೋರ್ಸಿದ್ದು ನಾನೇಯ."

ಕಟ್ಟೆಯ ಮೇಲೆ ಕೂತವರು ತಮ್ಮದೇನೂ ಇಲ್ಲ ಎಂದು ಎದ್ದು ಹೋದರು. ಹೆತ್ತವಳು ಎಲ್ಲವನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡು ಉಳಿದ ಆಯುಸ್ಸನ್ನು ಕಳೆದಳು.

ಕೆಲವು ದಿನ ಕಳೆದ ಮೇಲೆ ಗೌಡರು ನಮ್ಮ ಮನೆಗೆ ಬಂದರು. ಗಡ್ಡ ಬಿಟ್ಟಿದ್ದರು, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದರು.

"ಕಣ್ಮುಂದೆ ರಸ್ತೆ ಇತ್ತಲ್ಲ ಮೇಷ್ಟ್ರೇ," ಎಂದರು. "ನಾನೇ ನಡೆದು ನೋಡಿದ್ನಲ್ಲ. ಅದ್ಯಾಕೆ ರಸ್ತೆ ಬುಟ್ಟು ಓದ?"

ನಾನು ಒಳಗೆ ಹೋಗಿ ನನ್ನ ಹಳೆಯ ನಕ್ಷೆಗಳನ್ನೆಲ್ಲ ತಂದು ಅವರ ಮುಂದೆ ಹರಡಿದೆ. ದೊಡ್ಡಗದ್ದವಳ್ಳಿ, ಹೊಳೆನರಸೀಪುರ, ಅರಕಲಗೂಡು.

"ಒಂದರಲ್ಲಾದರೂ ದಾರಿ ಊರೊಳಗೆ ಹೋಗಿದೆಯಾ ನೋಡಿ ಗೌಡ್ರೇ."

ಅವರು ಒಂದೊಂದನ್ನೇ ತೆಗೆದು, ಕೆಂಪು ಸೊನ್ನೆಗಳ ಮೇಲೆ ಬೆರಳಾಡಿಸಿ ನೋಡಿದರು. ಒಂದು ಸುತ್ತು ಮುಗಿಸಿ, ಮತ್ತೆ ಮೊದಲಿನಿಂದ ನೋಡಿದರು.

"ನಾಯಿ ಅಂತಿದ್ರಿ ನೀವು."

"ನಾಯಿಗಳು ಏನೂ ಮಾಡ್ತಿರಲಿಲ್ಲ ಗೌಡ್ರೇ."

ಅವರು ಕೈಯಲ್ಲಿದ್ದ ನಕ್ಷೆಯನ್ನು ಕೆಳಗಿಟ್ಟರು. "ಏಳ್ಬೋದಿತ್ತಲ್ಲ ಮೇಷ್ಟ್ರೇ, ಇಷ್ಟು ವರ್ಷ."

"ಕೇಳ್ಬೋದಿತ್ತಲ್ಲ ಗೌಡ್ರೇ, ಇಷ್ಟು ವರ್ಷ."

ಅವರು ಎದ್ದರು. ಆ ನಕ್ಷೆಗಳನ್ನು ತೆಗೆದುಕೊಂಡು ಹೋಗಲಾ ಎಂದು ಕೇಳಿದರು. ತೆಗೆದುಕೊಂಡು ಹೋಗಿ ಎಂದೆ, ನನಗೆ ಅವುಗಳ ಮುಖ ನೋಡುವುದೂ ಬೇಕಿರಲಿಲ್ಲ. ನಕ್ಷೆ ಓಟ ಅಲ್ಲಿಗೆ ನಿಂತಿತು. ಒಂದೇ ಸ್ಟಾಫ್ ರೂಮಿನಲ್ಲಿ ಆಮೇಲೂ ವರ್ಷಗಟ್ಟಲೆ ಕೂತೆವು. ಸಂಬಳದ ದಿನ, ಪರೀಕ್ಷೆಯ ದಿನ ಎರಡು ಮಾತಾಡುತ್ತಿದ್ದೆವು. ನನಗೆ ಅವರ ಮೇಲೆ ಸಿಟ್ಟು ಇತ್ತು, ಮುಚ್ಚಿಡುವುದೇನು. ಕಟ್ಟೆಯವರ ಮೇಲೆ ಇದ್ದದ್ದಕ್ಕಿಂತ ಹೆಚ್ಚಾಗಿಯೇ ಇತ್ತು. ಓಡುವವನ ತಲೆಯೊಳಕ್ಕೆ ಹೋಗಿ ಕೂರಬೇಕೆಂದು ಹೇಳಿಕೊಟ್ಟವರು ಅವರೇ ಅಲ್ಲವೇ?

ಭಾನುವಾರ ಹುಡುಗಿ ಬಂದಳು. ನಾನು ಅಷ್ಟು ಹೊತ್ತಿಗೆ ಸುರುಳಿ ಬಿಚ್ಚಿ ನೋಡಿದ್ದೆ. ಹಾಳೆಯ ಒಂದು ಮೂಲೆಯಲ್ಲಿ ಆ ಊರಿತ್ತು, ಪಕ್ಕದಲ್ಲಿ ನೀಲಿ ಬಣ್ಣದ ಆ ಕೆರೆ. ಹೇಮಾವತಿ ನಾಲೆ ಬಂದ ಮೇಲೆ ಕೆರೆ ಈಗ ಯಾವಾಗಲೂ ತುಂಬಿರುತ್ತದಂತೆ. ಅವಳು ಬರೆದ ದಾರಿ ಊರಿನ ಹತ್ತಿರ ಬಂದು, ಹೊರಗಿನಿಂದಲೇ ಸುತ್ತು ಹಾಕಿ ಮುಂದೆ ಹೋಗಿತ್ತು.

"ಇಲ್ಲಿ ಯಾಕಮ್ಮ ಸುತ್ತು ಹಾಕಿದೆ?" ಎಂದೆ.

"ಊರೊಳಗೆ ನಾಯಿ ಜಾಸ್ತಿ ಸರ್," ಎಂದಳು. ಅವಳು ಚೀಲದಿಂದ ಹಳದಿ ಬಣ್ಣಕ್ಕೆ ತಿರುಗಿದ ಹಾಳೆಗಳ ಒಂದು ಕಟ್ಟು ತೆಗೆದಳು. ನನ್ನ ಕೈಬರಹ ನನಗೆ ದೂರದಿಂದಲೇ ಗೊತ್ತಾಯಿತು.

"ಇವೂ ಡಬ್ಬದ ಜೊತೇಲೇ ಇದ್ವು. ತಾತ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ನಿಮ್ಮದನ್ನ ನೋಡಿಕೊಂಡೇ ನಾನೂ ಬರೆದಿದ್ದು. ಒಂದು ಮಾತು ಕೇಳ್ಲಾ ಸರ್? ನಿಮ್ಮ ದಾರಿ ಒಂದೂ ಊರೊಳಗೆ ಹೋಗಲ್ಲವಲ್ಲ, ಯಾಕೆ? ಚಿಕ್ಕವಳಿದ್ದಾಗ, ಇವನ್ನ ಹರಡಿಕೊಂಡು ಕೂತಿದ್ದ ತಾತನ್ನ ಕೇಳಿದ್ರೆ, ಅದನ್ನ ಕೇಳ್ಬೇಕಾದೋರು ಮೇಷ್ಟ್ರನ್ನೇ ಕೇಳ್ಬೇಕು ಅಂದ್ರು."

ಆ ಒಂದು ಮಾತಿಗೆ ನಾನು ಎಷ್ಟು ಕಾಲದಿಂದ ಕಾದಿದ್ದೆ ಎಂದು ಅದು ಕಿವಿಗೆ ಬಿದ್ದಾಗಲೇ ತಿಳಿದದ್ದು. ಈ ಸಾರಿ ನಾಯಿಯ ಹೆಸರು ಹೇಳಲಿಲ್ಲ. ನಿಮಗೆ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ, ಇಷ್ಟು ಬಳಸದೆ. ಚೆಲುವನ ಹೆಸರು ಹೇಳಿದೆ. ಅಕ್ಕನ ಮಾತು ಹೇಳಿದೆ. ಅವಳ ತಾತನೂ ನಾನೂ ಆಡಿದ್ದನ್ನು ಹೇಳಿದೆ.

ಅವಳು ತಲೆ ತಗ್ಗಿಸಿಕೊಂಡು ಕೇಳಿದಳು. ಮುಗಿದ ಮೇಲೆ ರಬ್ಬರು ತೆಗೆದುಕೊಂಡು, ತಾನು ಊರಿನ ಸುತ್ತ ಎಳೆದಿದ್ದ ಗೆರೆಯನ್ನು ಅಳಿಸಿದಳು. ಹಾಳೆ ಸವೆಯುವಷ್ಟು ಅಳಿಸಿದಳು. ಓಡುವವರಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದೆ. ಹಾಸ್ಟೆಲಿನ ಮಕ್ಕಳೂ ಇದ್ದಾರೆ, ಆ ಊರಿನ ಕೇರಿಯಿಂದಲೂ ಇಬ್ಬರು ಹೆಣ್ಣುಮಕ್ಕಳು ಹೆಸರು ಕೊಟ್ಟಿದ್ದಾರೆ ಎಂದಳು. ಬೀದಿ ಈಗ ಹೇಗಿದೆಯೋ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಕಟ್ಟೆ ಇನ್ನೂ ಇದೆಯಂತೆ, ಅದರ ಮೇಲೆ ಈಗಲೂ ಜನ ಕೂರುತ್ತಾರಂತೆ.

ಪೆನ್ಸಿಲು ಈಸಿಕೊಂಡು, ಬೀದಿಯ ನಡುವೆ, ಆ ಕಟ್ಟೆಯ ಜಾಗದಲ್ಲಿ ಒಂದು ಸೊನ್ನೆ ಬರೆದೆ. ಸೊನ್ನೆ ಸೊಟ್ಟಗಾಯಿತು. ನಾನು ಆ ಬೀದಿಗೆ ಇವತ್ತಿನವರೆಗೂ ಕಾಲಿಟ್ಟಿಲ್ಲ.

"ಅಲ್ಲಿ ಡಬ್ಬದ ಹತ್ರ ಯಾರನ್ನ ಕೂರಿಸೋದು ಸರ್?" ಎಂದಳು.

"ನಾನು ಕೂರ್ತೀನಿ. ಕಟ್ಟೆ ಮೇಲೆಯೇ ಕೂರ್ತೀನಿ. ಬರೋ ಮಕ್ಕಳಿಗೆ ದೂರದಿಂದಲೇ ಕಾಣಬೇಕು."

ಡಬ್ಬದ ಬಣ್ಣ ಈಗ ಒಣಗಿದೆ. ನಾಳೆ ಪೇಟೆಗೆ ಹೋಗಬೇಕು. ಈ ವಯಸ್ಸಿನಲ್ಲಿ ಶೂ ಯಾಕೆ ಎಂದು ಹೆಂಡತಿ ಕೇಳುತ್ತಿದ್ದಾಳೆ. ಕ್ಯಾನ್ವಾಸಿನದೇ ಬೇಕು, ಬಿಳಿಯದೇ.